ಊಟದ ಮೇಜಿನ ಮೇಲೊಂದು ರಣರಂಗ

ಹೆಬ್ಬೆರಳ ತುದಿಯಷ್ಟು ಎತ್ತರದ ಸಿಪಾಯಿಗಳು, ಒಂದು ಹಿಡಿ ದಾಳ, ಅಳತೆಯ ಟೇಪು, ಎದುರಿಗೊಬ್ಬ ಗೆಳೆಯ. ಮಿನಿಯೇಚರ್ ವಾರ್‌ಗೇಮಿಂಗ್ ಶುರುಮಾಡಲು ಇಷ್ಟು ಸಾಕು. ದುಬಾರಿ ಪೆಟ್ಟಿಗೆ ಕೊಳ್ಳುವ ಮೊದಲು ಒಂದು ಆಟ ಆಡಿಬಿಡಿ.

ಹಸಿರು ಬಟ್ಟೆ ಹಾಸಿದ ಮೇಜು. ಅದರ ಮೇಲೆ ಥರ್ಮಾಕೋಲಿನಲ್ಲಿ ಕೆತ್ತಿದ ಒಂದು ದಿಬ್ಬ, ತೆಂಗಿನ ನಾರಿನ ಪೊದೆಗಳು, ನೀಲಿ ಬಳಿದ ರಟ್ಟಿನ ಕಾಲುವೆ. ಕಾಲುವೆಯ ಈಚೆ ದಂಡೆಯಲ್ಲಿ ಆರು ಸಿಪಾಯಿಗಳು ಬಂದೂಕು ಹೂಡಿ ನಿಂತಿದ್ದಾರೆ. ಆಚೆ ದಂಡೆಯ ತುಕಡಿಯನ್ನು ಒಬ್ಬ ಆಟಗಾರ ಒಂದೊಂದೇ ಬೊಂಬೆ ಎತ್ತಿ, ಟೇಪು ಹಿಡಿದು ಅಳೆದು, ಆರು ಇಂಚು ಮುಂದಕ್ಕೆ ಇಡುತ್ತಾನೆ. ಎದುರು ಕೂತವಳು ಬಗ್ಗಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿ, ತನ್ನ ಸಿಪಾಯಿಯ ಭುಜದ ಹಿಂದಿನಿಂದ ನೋಡುತ್ತಾಳೆ. ಪೊದೆಯ ಸಂದಿಯಲ್ಲಿ ಶತ್ರು ಕಾಣುತ್ತಾನೆಯೇ? ಕಾಣುತ್ತಾನೆ. ಆರು ದಾಳಗಳು ಉರುಳುತ್ತವೆ. ಎರಡರ ಮೇಲೆ ಆರು ಬಿದ್ದಿದೆ. ಆಚೆ ದಂಡೆಯ ಇಬ್ಬರು ಮಗ್ಗುಲಾಗುತ್ತಾರೆ. ಉಳಿದ ನಾಲ್ವರು ನಿಲ್ಲುತ್ತಾರೋ, ಓಡುತ್ತಾರೋ? ಅದಕ್ಕೆ ಇನ್ನೊಂದು ದಾಳ.

ಇದು ಮಿನಿಯೇಚರ್ ವಾರ್‌ಗೇಮಿಂಗ್. ಪುಟ್ಟ ಬೊಂಬೆಗಳ ಸೇನೆ ಕಟ್ಟಿ, ಅವಕ್ಕೆ ಕೈಯಾರೆ ಬಣ್ಣ ಹಚ್ಚಿ, ಮೇಜಿನ ಮೇಲೆ ಊರು, ಕಾಡು, ಹೊಳೆ ಮೂಡಿಸಿ, ನಿಯಮಕ್ಕೆ ಒಪ್ಪಿ ಆಡುವ ಯುದ್ಧ. ಇಂಗ್ಲೆಂಡಿನಲ್ಲಿ ಇದು ದೊಡ್ಡ ಉದ್ಯಮವಾಗಿ ಬೆಳೆದಿದೆ. ನಮ್ಮಲ್ಲಿ ಬೆಂಗಳೂರಿನಂಥ ನಗರಗಳಲ್ಲಿ ಆಸಕ್ತರ ಸಣ್ಣ ಗುಂಪುಗಳಿವೆ, ಬೋರ್ಡ್ ಗೇಮ್ ಕೆಫೆಗಳಲ್ಲಿ ಜೊತೆಗಾರರು ಸಿಗುತ್ತಾರೆ. ಆದರೂ ಈ ಹವ್ಯಾಸದ ಬಾಗಿಲಲ್ಲೇ ನಿಂತು ವಾಪಸಾಗುವವರು ಬಹಳ. ಪೆಟ್ಟಿಗೆಯ ಬೆಲೆ ನೋಡಿ ಕೆಲವರು, ನಿಯಮ ಪುಸ್ತಕದ ದಪ್ಪ ನೋಡಿ ಕೆಲವರು, ಪೆಟ್ಟಿಗೆಯ ಮೇಲಿನ ಬೊಂಬೆಯ ಬಣ್ಣದ ಕುಸುರಿ ನೋಡಿ ಇನ್ನೂ ಹಲವರು ಹಿಂಜರಿಯುತ್ತಾರೆ. ಅವರಿಗೆಲ್ಲ ಈ ಲೇಖನ ಹೇಳಬೇಕಾದ ಮಾತು ಒಂದೇ: ಸೇನೆಯಿಂದ ಶುರುಮಾಡಬೇಡಿ, ಆಟದಿಂದ ಶುರುಮಾಡಿ. ಒಬ್ಬೊಬ್ಬರಿಗೆ ಹನ್ನೆರಡು ಕಾಗದದ ಸಿಪಾಯಿಗಳು ಸಾಕು.

ಚೌಕ ಅಳಿಸಿಹೋದ ಚದುರಂಗ

ಸೇನೆಯ ನಾಲ್ಕು ಅಂಗಗಳಾದ ಆನೆ, ಕುದುರೆ, ರಥ, ಕಾಲಾಳುಗಳನ್ನು ಹಲಗೆಯ ಮೇಲೆ ನಿಲ್ಲಿಸಿದ್ದು ನಮ್ಮ ಚತುರಂಗ. ಅದು ಪರ್ಷಿಯಾ, ಅರಬ್ ನಾಡುಗಳನ್ನು ದಾಟಿ ಯುರೋಪಿಗೆ ಹೋಯಿತು. 1780ರಲ್ಲಿ ಜರ್ಮನ್ ನಾಡಿನ ಬ್ರೌನ್‌ಶ್ವೈಗ್‌ನಲ್ಲಿ ಯೋಹಾನ್ ಹೆಲ್‌ವಿಗ್ ಎಂಬ ಶಿಕ್ಷಕ ಆ ಚದುರಂಗವನ್ನೇ ಹಿಗ್ಗಿಸಿ, 1,600ಕ್ಕೂ ಹೆಚ್ಚು ಚೌಕಗಳ ಹಲಗೆ ಮಾಡಿ, ಚೌಕಗಳಿಗೆ ಬಣ್ಣ ಕೊಟ್ಟು ಬೆಟ್ಟ, ಜೌಗು, ನೀರು ಎಂದು ಗುರುತಿಸಿದ. ನೆಲ ಒಂದೇ ಸಮ ಇಲ್ಲ ಎಂಬ ಸಂಗತಿ ಆಟದೊಳಗೆ ಬಂದದ್ದು ಹೀಗೆ.

ಚೌಕಗಳನ್ನೇ ತೆಗೆದುಹಾಕಿದವರು ಪ್ರಷ್ಯಾದ ರೈಸ್‌ವಿಟ್ಸ್ ಅಪ್ಪ ಮಗ. ಅಪ್ಪ 1812ರಲ್ಲಿ ರಾಜನಿಗೆ ಒಪ್ಪಿಸಿದ ಆಟವನ್ನು, ಸೇನಾಧಿಕಾರಿಯಾಗಿದ್ದ ಮಗ ತಿದ್ದಿ ತೀಡಿ 1824ರಲ್ಲಿ ಪ್ರಕಟಿಸಿದ. ನಿಜವಾದ ಸೈನಿಕ ನಕ್ಷೆಯ ಮೇಲೆ ತುಕಡಿಗಳು ಅಳತೆ ಪ್ರಕಾರ ಸಾಗುತ್ತಿದ್ದವು. ಗುಂಡು ಎಷ್ಟು ಜನರಿಗೆ ತಾಗಿತು ಎಂಬುದನ್ನು ದಾಳ ಹೇಳುತ್ತಿತ್ತು. ನಡುವೆ ಒಬ್ಬ ತೀರ್ಪುಗಾರ ಕೂತು, ಯಾರಿಗೆ ಏನು ಕಾಣುತ್ತದೆ ಎಂಬುದನ್ನು ನಿರ್ಧರಿಸುತ್ತಿದ್ದ. ಪ್ರಷ್ಯಾದ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಅದನ್ನು ನೋಡಿ, ಇದು ಆಟವಲ್ಲ, ಯುದ್ಧದ ತರಬೇತಿ ಎಂದು ಸೇನೆಗೆ ಶಿಫಾರಸು ಮಾಡಿದ.

ಸೇನೆಯ ಕಚೇರಿಯಿಂದ ಅದನ್ನು ಮನೆಯ ನೆಲಕ್ಕೆ ಇಳಿಸಿದವರು ಕಾದಂಬರಿಕಾರ ಎಚ್. ಜಿ. ವೆಲ್ಸ್. ಟೊಳ್ಳು ಸೀಸದ ಆಟಿಕೆ ಸಿಪಾಯಿಗಳನ್ನು ಬ್ರಿಟನ್ಸ್ ಕಂಪನಿ 1893ರಿಂದ ಅಗ್ಗಕ್ಕೆ ಮಾರುತ್ತಿತ್ತು. ಕಟ್ಟಿಗೆಯ ಗುಂಡು ಹಾರಿಸುವ ಸ್ಪ್ರಿಂಗ್ ತೋಪೂ ಸಿಗುತ್ತಿತ್ತು. ಆ ತೋಪಿನಿಂದ ಆ ಸಿಪಾಯಿಗಳನ್ನು ಬೀಳಿಸುವ ಆಟಕ್ಕೆ ವೆಲ್ಸ್ ನಿಯಮ ಬರೆದು 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಸ್ತಕ ತಂದರು. ಆ ಪುಸ್ತಕದ ಕೊನೆಯ ಪುಟಗಳಲ್ಲಿ ಅವರು ನಿಜವಾದ ಯುದ್ಧದ ವಿರುದ್ಧ ಬಲವಾಗಿ ಮಾತಾಡುತ್ತಾರೆ. ಈ ಪುಟ್ಟ ಯುದ್ಧವನ್ನು ಮೂರು ನಾಲ್ಕು ಸಲ ಆಡಿದವರಿಗೆ ದೊಡ್ಡ ಯುದ್ಧ ಎಂಥ ಪ್ರಮಾದ ಎಂಬುದು ಮನವರಿಕೆಯಾಗುತ್ತದೆ ಎಂಬುದು ಅವರ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು.

ಆಮೇಲಿನ ಕಥೆ ಬೇಗ ಹೇಳಬಹುದು. ಸೌತಾಂಪ್ಟನ್‌ನ ಫಿಸಿಯೋಥೆರಪಿಸ್ಟ್ ಡೊನಾಲ್ಡ್ ಫೆದರ್‌ಸ್ಟೋನ್ 1962ರಲ್ಲಿ ಬರೆದ 'ವಾರ್ ಗೇಮ್ಸ್' ಒಂದು ಇಡೀ ಪೀಳಿಗೆಗೆ ಆಟ ಕಲಿಸಿತು. 1971ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 'ಚೈನ್‌ಮೇಲ್' ಎಂಬ ನಿಯಮಗಳಲ್ಲಿ ಮಧ್ಯಯುಗದ ಯೋಧರ ಪಕ್ಕದಲ್ಲಿ ಮಾಂತ್ರಿಕರನ್ನೂ ಡ್ರ್ಯಾಗನ್‌ಗಳನ್ನೂ ನಿಲ್ಲಿಸಿದರು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹುಟ್ಟಿದ್ದು ಆ ಬೇರಿನಿಂದ. 1975ರಲ್ಲಿ ಲಂಡನ್ನಿನಲ್ಲಿ ಮೂವರು ಗೆಳೆಯರು ಶುರುಮಾಡಿದ ಗೇಮ್ಸ್ ವರ್ಕ್‌ಶಾಪ್ 1983ರಲ್ಲಿ 'ವಾರ್‌ಹ್ಯಾಮರ್', 1987ರಲ್ಲಿ 'ವಾರ್‌ಹ್ಯಾಮರ್ 40,000' ತಂದಿತು. ಈಗ ನಾಟಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ ಆ ಕಂಪನಿ 2024ರ ಡಿಸೆಂಬರ್‌ನಲ್ಲಿ ಲಂಡನ್ ಷೇರುಪೇಟೆಯ ನೂರು ದೊಡ್ಡ ಕಂಪನಿಗಳ ಸೂಚ್ಯಂಕದೊಳಗೆ ಬಂತು. ಬೊಂಬೆ ಮಾಡಿ ಮಾರುವ ಕಂಪನಿ!

ಹನ್ನೆರಡು ಕಾಗದದ ಸಿಪಾಯಿಗಳು

ಈಗ ನಿಮ್ಮ ಮೇಜಿಗೆ ಬರೋಣ. ಡ್ರಾಯಿಂಗ್ ಹಾಳೆಯಲ್ಲಿ ಮೂರು ಸೆಂಟಿಮೀಟರ್ ಎತ್ತರದ ಸಿಪಾಯಿಗಳನ್ನು ಬರೆಯಿರಿ. ಮನೆಯಲ್ಲಿ ಮಕ್ಕಳಿದ್ದರೆ ಅವರೇ ಬರೆಯಲಿ. ಕಾಲ ಕೆಳಗೆ ಒಂದಿಷ್ಟು ಕಾಗದ ಬಿಟ್ಟು ಕತ್ತರಿಸಿ, ಅದನ್ನು ಮಡಚಿ ಎರಡು ರೂಪಾಯಿ ನಾಣ್ಯದಷ್ಟು ಅಗಲದ ರಟ್ಟಿಗೆ ಫೆವಿಕಾಲಿನಿಂದ ಅಂಟಿಸಿ. ಒಬ್ಬೊಬ್ಬರ ಕಡೆಗೂ ಹನ್ನೆರಡು, ಆರಾರು ಜನರ ಎರಡು ತುಕಡಿ. ಕಾಗದದ ಸೇನೆ ಎಂದು ಕೀಳಾಗಿ ಕಾಣಬೇಕಿಲ್ಲ. ಪೀಟರ್ ಡೆನಿಸ್ ಎಂಬ ಹೆಸರಾಂತ ಚಿತ್ರಕಾರರು ಬರೆದ ಕಾಗದದ ಸೇನೆಗಳನ್ನು ಇಂಗ್ಲೆಂಡಿನ ಹೀಲಿಯನ್ ಪ್ರಕಾಶನ ಪುಸ್ತಕಗಳಾಗಿಯೇ ತಂದಿದೆ. ದೊಡ್ಡವರು ಅವುಗಳಿಂದ ದೊಡ್ಡ ಯುದ್ಧಗಳನ್ನೇ ಆಡುತ್ತಾರೆ.

ಮೇಜು ಮೂರಡಿಗೆ ಮೂರಡಿ ಇದ್ದರೆ ಸಾಕು. ಪುಸ್ತಕಗಳನ್ನು ಜೋಡಿಸಿ ಮೇಲೆ ಬಟ್ಟೆ ಹಾಸಿದರೆ ಗುಡ್ಡ. ಬೆಂಕಿಪೊಟ್ಟಣಗಳೇ ಮನೆಗಳು. ಒಂದು ಎಚ್ಚರಿಕೆ: ಮೇಜನ್ನು ಬೋಳಾಗಿ ಬಿಡಬೇಡಿ. ಮರೆಗೆ ಏನೂ ಇಲ್ಲದ ಬಯಲಿನಲ್ಲಿ ಆಟ ಬರೀ ದಾಳ ಎಸೆಯುವ ಕೆಲಸವಾಗುತ್ತದೆ. ಮೇಜಿನ ಮೂರನೇ ಒಂದು ಭಾಗವಾದರೂ ಗುಡ್ಡ, ಮರ, ಗೋಡೆಗಳಿಂದ ತುಂಬಿರಲಿ.

ನಿಯಮ ಇಷ್ಟೇ. ಒಂದು ಚೀಲದಲ್ಲಿ ಎರಡು ಕೆಂಪು, ಎರಡು ಕಪ್ಪು ಮಣಿ ಹಾಕಿ. ಕಣ್ಣುಮುಚ್ಚಿ ಒಂದು ತೆಗೆಯಿರಿ. ಯಾರ ಬಣ್ಣ ಬಂತೋ ಅವರು ತಮ್ಮ ಒಂದು ತುಕಡಿಯಿಂದ ಕೆಲಸ ಮಾಡಿಸಬಹುದು. ಆ ತುಕಡಿ ಆರು ಇಂಚು ನಡೆಯಬಹುದು ಅಥವಾ ಹನ್ನೆರಡು ಇಂಚಿನೊಳಗಿನ ಶತ್ರುವಿನ ಮೇಲೆ ಗುಂಡು ಹಾರಿಸಬಹುದು, ಎರಡೂ ಕೂಡದು. ಗುಂಡಿಗೆ ಒಬ್ಬೊಬ್ಬ ಸಿಪಾಯಿಗೂ ಒಂದು ದಾಳ. ಶತ್ರು ಬಯಲಿನಲ್ಲಿದ್ದರೆ 5 ಅಥವಾ 6 ಬಿದ್ದರೆ ತಾಗಿತು, ಮರೆಯಲ್ಲಿದ್ದರೆ 6 ಮಾತ್ರ. ನಡೆಯುತ್ತಾ ಹೋಗಿ ಶತ್ರುವಿಗೆ ಮೈತಾಗಿದರೆ ಕೈಕೈ ಕಾಳಗ: ಎರಡೂ ಕಡೆಯವರು ತಲೆಗೊಂದು ದಾಳ ಎಸೆಯಬೇಕು, 4 ಮತ್ತು ಮೇಲೆ ಬಿದ್ದರೆ ಎದುರಾಳಿ ಬಿದ್ದ, ಹೆಚ್ಚು ಜನ ಕಳಕೊಂಡವರು ಆರು ಇಂಚು ಹಿಂದಕ್ಕೆ. ನಾಲ್ಕೂ ಮಣಿ ತೆಗೆದಾದ ಮೇಲೆ ಒಂದು ಸುತ್ತು ಮುಗಿಯಿತು. ಮಣಿಗಳನ್ನು ಮತ್ತೆ ಚೀಲಕ್ಕೆ ಹಾಕಿ.

ಕೊನೆಯ ನಿಯಮವೇ ಎಲ್ಲಕ್ಕಿಂತ ಮುಖ್ಯ. ಒಂದು ತುಕಡಿಯಲ್ಲಿ ಯಾರಾದರೂ ಬಿದ್ದ ತಕ್ಷಣ ಆ ತುಕಡಿ ಎದೆಗಾರಿಕೆಯ ದಾಳ ಎಸೆಯಬೇಕು. ಈವರೆಗೆ ಎಷ್ಟು ಜನ ಬಿದ್ದಿದ್ದಾರೋ ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಸಂಖ್ಯೆ ಬಿದ್ದರೆ ಉಳಿದವರ ಎದೆ ಒಡೆಯಿತು. ಅವರು ಆರು ಇಂಚು ಹಿಂದೆ ಓಡುತ್ತಾರೆ, ಮುಂದಿನ ಸುತ್ತಿನಲ್ಲಿ ಏನೂ ಮಾಡುವಂತಿಲ್ಲ.

ಈ ಪುಟ್ಟ ಲೆಕ್ಕದಲ್ಲಿ ಎಷ್ಟು ಅಡಗಿದೆ ನೋಡಿ. ಆರು ಜನ ಬಯಲಿನಲ್ಲಿರುವ ಶತ್ರುವಿನ ಮೇಲೆ ಗುಂಡು ಹಾರಿಸಿದರೆ ಸರಾಸರಿ ಇಬ್ಬರು ಬೀಳುತ್ತಾರೆ. ಅದೇ ಶತ್ರು ಪೊದೆಯ ಹಿಂದಿದ್ದರೆ ಒಬ್ಬ. ಅಂದರೆ ಒಂದು ಪೊದೆ ನಿಮ್ಮ ತುಕಡಿಯ ಆಯುಷ್ಯವನ್ನು ದುಪ್ಪಟ್ಟು ಮಾಡುತ್ತದೆ. ಇಬ್ಬರನ್ನು ಕಳಕೊಂಡ ತುಕಡಿ ಓಡುವ ಸಂಭವ ಮೂರರಲ್ಲಿ ಒಂದು. ನಾಲ್ವರನ್ನು ಕಳಕೊಂಡರೆ ಮೂರರಲ್ಲಿ ಎರಡು. ಹಾಗಾಗಿ ಈ ಆಟದಲ್ಲಿ ಕೊನೆಯ ಸಿಪಾಯಿಯವರೆಗೆ ಹೋರಾಡುವ ತುಕಡಿ ಅಪರೂಪ. ತುಕಡಿಗಳು ಸಾಯುವ ಮೊದಲೇ ಮುರಿಯುತ್ತವೆ. ನಿಜವಾದ ಯುದ್ಧಗಳಲ್ಲಿ ಆದದ್ದೂ ಹೆಚ್ಚಾಗಿ ಅದೇ. ಸಿನಿಮಾದಲ್ಲಿ ನೋಡಿದ ಕಾಳಗಕ್ಕೂ ಇತಿಹಾಸದ ಪುಟದಲ್ಲಿರುವ ಕಾಳಗಕ್ಕೂ ಇರುವ ಅಂತರ ಮೊದಲ ಅರ್ಧ ಗಂಟೆಯಲ್ಲೇ ನಿಮಗೆ ಹೊಳೆಯುತ್ತದೆ. ನನ್ನ ಮಟ್ಟಿಗೆ ಈ ಹವ್ಯಾಸದ ದೊಡ್ಡ ಸುಖ ಇಲ್ಲಿದೆ.

ದೊಡ್ಡ ಆಟಗಳ ನಿಯಮ ಇದರದೇ ವಿಸ್ತಾರ. ವಾರ್‌ಹ್ಯಾಮರ್ 40,000ದಲ್ಲಿ ಒಂದು ಗುಂಡಿಗೆ ಮೂರು ಮೆಟ್ಟಿಲು: ತಾಗಿತೇ, ಗಾಯವಾಯಿತೇ, ಕವಚ ತಡೆಯಿತೇ. ತಾಗಲು 3, ಗಾಯಕ್ಕೆ 4, ಕವಚಕ್ಕೆ 3, ಅಥವಾ ಅದಕ್ಕಿಂತ ಹೆಚ್ಚು ಬೇಕೆಂದಿದ್ದರೆ ಹತ್ತು ಗುಂಡಿನಲ್ಲಿ ಕೊನೆಗೂ ಒಳಹೊಕ್ಕುವುದು ಸರಾಸರಿ ಒಂದು. ಎರಡನೇ ಮಹಾಯುದ್ಧದ 'ಬೋಲ್ಟ್ ಆ್ಯಕ್ಷನ್'ನಲ್ಲಿ ಮಣಿಯ ಬದಲು ಚೀಲದಿಂದ ದಾಳವನ್ನೇ ತೆಗೆಯುತ್ತಾರೆ. ಗುಂಡಿನ ಸುರಿಮಳೆಗೆ ಸಿಕ್ಕ ತುಕಡಿ ಯಾರೂ ಸಾಯದಿದ್ದರೂ ತಲೆ ತಗ್ಗಿಸಿ ಕೂರುತ್ತದೆ, ಆಜ್ಞೆ ಕೊಟ್ಟರೆ ಪಾಲಿಸದೆ ಹೋಗಬಹುದು. ಕಾಗದದ ಸಿಪಾಯಿಗಳೊಂದಿಗೆ ಕೆಲವು ಸಂಜೆ ಕಳೆದವರಿಗೆ ಈ ಪುಸ್ತಕಗಳ ದಪ್ಪ ಹೆದರಿಸುವುದಿಲ್ಲ.

ಯಾವ ಕಾಲ, ಯಾವ ಲೋಕ?

ಹೊಸಬರು ಮೊದಲು ಕೇಳುವ ಪ್ರಶ್ನೆ ಯಾವ ಆಟ ಒಳ್ಳೆಯದು ಎಂಬುದು. ಮೊದಲು ಕೇಳಬೇಕಾದದ್ದು, ಜೊತೆಗೆ ಆಡುವವರು ಯಾರು? ನಿಮ್ಮ ಊರಿನಲ್ಲಿ ಸಿಗುವ ಗುಂಪು ವಾರ್‌ಹ್ಯಾಮರ್ ಆಡುತ್ತಿದ್ದರೆ ಅದನ್ನೇ ಹಿಡಿಯಿರಿ. 2023ರಲ್ಲಿ ಬಂದ ಹತ್ತನೇ ಆವೃತ್ತಿಯ ಮೂಲ ನಿಯಮಗಳನ್ನು ಕಂಪನಿ ಉಚಿತವಾಗಿಯೇ ಬಿಟ್ಟಿತು. ಒಂದೇ ಪೆಟ್ಟಿಗೆಯ ಬೊಂಬೆಗಳಿಂದ ಆಡುವ 'ಕಾಂಬ್ಯಾಟ್ ಪ್ಯಾಟ್ರೋಲ್', ಬೆರಳೆಣಿಕೆಯ ಬೊಂಬೆಗಳಿಂದ ಆಡುವ 'ಕಿಲ್ ಟೀಮ್' ಎರಡೂ ಹೊಸಬರಿಗೆ ಹೊಂದುತ್ತವೆ. ಯಾವ ಕಂಪನಿಯ ಬೊಂಬೆಯಾದರೂ ನಡೆಯುತ್ತದೆ ಎನ್ನುವವರಿಗೆ 'ಒನ್ ಪೇಜ್ ರೂಲ್ಸ್' ಇದೆ. ಮೂಲ ನಿಯಮಗಳಿಗೆ ಕಾಸಿಲ್ಲ, ಹೆಸರೇ ಹೇಳುವಂತೆ ಸಂಕ್ಷಿಪ್ತ. ಮಾಂತ್ರಿಕರು, ಪಾಳುಬಿದ್ದ ನಗರ, ನಿಧಿ ಹುಡುಕಾಟ ಇಷ್ಟವಾದರೆ 2015ರ 'ಫ್ರಾಸ್ಟ್‌ಗ್ರೇವ್'. ಅದಕ್ಕೆ ಒಬ್ಬೊಬ್ಬರಿಗೆ ಹತ್ತು ಬೊಂಬೆ ಸಾಕು.

ಇತಿಹಾಸದ ಹುಚ್ಚಿರುವವರಿಗೆ ನಾನು ತೋರಿಸುವುದು 'ಡಿ ಬೆಲ್ಲಿಸ್ ಆ್ಯಂಟಿಕ್ವಿಟಾಟಿಸ್', ಎಲ್ಲರ ಬಾಯಲ್ಲಿ ಡಿಬಿಎ. 1990ರಲ್ಲಿ ಬಂದ ಈ ಆಟದಲ್ಲಿ ಪ್ರಾಚೀನ ಜಗತ್ತಿನ ಯಾವ ಸೇನೆಯೇ ಆಗಲಿ, ಅದಕ್ಕೆ ಹನ್ನೆರಡೇ ಘಟಕ. 15 ಮಿಲಿಮೀಟರ್ ಬೊಂಬೆಗಳಿಗೆ ಎರಡಡಿ ಚೌಕದ ಹಲಗೆ ಸಾಕು, ಒಂದು ಗಂಟೆಯೊಳಗೆ ಆಟ ಮುಗಿಯುತ್ತದೆ. ಅದರ ಸೇನೆಗಳ ಪಟ್ಟಿಯಲ್ಲಿ ಆನೆ, ರಥ, ಕುದುರೆ, ಬಿಲ್ಲಾಳುಗಳ ಪ್ರಾಚೀನ ಭಾರತದ ಸೇನೆಯೂ ಇದೆ. ಕ್ರಿ.ಪೂ. 326ರಲ್ಲಿ ಝೇಲಂ ದಂಡೆಯಲ್ಲಿ ಅಲೆಗ್ಸಾಂಡರನನ್ನು ಪೌರವ ಎದುರಿಸಿದ ಸೇನೆ ಅದು. ಚದುರಂಗದ ನಾಲ್ಕು ಅಂಗಗಳು ಮೇಜಿನ ಮೇಲೆ ಚೌಕಗಳ ಹಂಗಿಲ್ಲದೆ ಚಲಿಸುವುದನ್ನು ನೋಡುವ ಆಸೆಯಿದ್ದರೆ ಇದನ್ನು ಆಡಿ. ಹಲಗೆಯಾಟಕ್ಕೆ ನಮ್ಮಲ್ಲಿ ರಾಜಮನ್ನಣೆಯೇ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗೆಂದೇ 'ಕೌತುಕನಿಧಿ' ಎಂಬ ಭಾಗವಿದೆ.

ಬೊಂಬೆಯ ಅಳತೆಯ ಬಗ್ಗೆ ಒಂದು ಮಾತು. 28 ಮಿಲಿಮೀಟರ್ ಎಂದರೆ ಪಾದದಿಂದ ಕಣ್ಣಿನ ಮಟ್ಟಕ್ಕೆ ಸುಮಾರು ಅಷ್ಟು ಎತ್ತರ. ಹೆಚ್ಚಿನ ಕಂಪನಿಗಳ ಬೊಂಬೆ ಈ ಅಳತೆಯವು. ಏರ್‌ಫಿಕ್ಸ್ 1959ರಿಂದ ತಂದ, ಈಗ ಇಟಲೇರಿ, ಜ್ವೆಜ್ದಾ ಮೊದಲಾದವರೂ ತರುವ ಮೆದು ಪ್ಲಾಸ್ಟಿಕ್‌ನ 1/72 ಬೊಂಬೆಗಳು ಇನ್ನೂ ಚಿಕ್ಕವು, ಬಹಳ ಅಗ್ಗ. ಪೆಟ್ಟಿಗೆಯೊಂದರಲ್ಲಿ ಹಲವು ಡಜನ್ ಸಿಪಾಯಿಗಳು ಬರುತ್ತಾರೆ. ನಮ್ಮಲ್ಲಿ ಆಮದು ಸುಂಕ, ಸಾಗಣೆ ವೆಚ್ಚ ಸೇರಿ ಬೊಂಬೆಯ ಬೆಲೆ ಏರುವುದರಿಂದ ಈ ಅಗ್ಗದ ಪೆಟ್ಟಿಗೆಗಳಿಗೆ ಇನ್ನಷ್ಟು ಮಹತ್ವ ಬರುತ್ತದೆ.

ಮನೆಯಲ್ಲೇ ಅಥವಾ ಪರಿಚಯದ ಅಂಗಡಿಯಲ್ಲಿ 3ಡಿ ಪ್ರಿಂಟರಿನಿಂದ ರೆಸಿನ್ ಬೊಂಬೆ ತೆಗೆಸುವವರು ಹೆಚ್ಚುತ್ತಿದ್ದಾರೆ. ಕಲಾವಿದರು ತಾವೇ ಮಾರುವ ವಿನ್ಯಾಸಗಳನ್ನು ಕೊಂಡು ತೆಗೆಸಿ. ಕದ್ದ ವಿನ್ಯಾಸದ ಬೊಂಬೆ ಯಾರದೋ ಕೈಕೆಲಸದ ಕೂಲಿ ಕದ್ದಂತೆ. ಗಟ್ಟಿಯಾಗದ ರೆಸಿನ್ ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು, ಕೈಗವಸು ಮತ್ತು ತೆರೆದ ಕಿಟಕಿ ಇಲ್ಲದೆ ಅದನ್ನು ಮುಟ್ಟಬೇಡಿ.

ಎಷ್ಟು ಕೊಳ್ಳಬೇಕು? ಬಣ್ಣ ಹಚ್ಚಿ ಮುಗಿಸುವಷ್ಟು. ಈ ಹವ್ಯಾಸದಲ್ಲಿ ಎಲ್ಲರ ಮನೆಯ ಕಪಾಟಿನಲ್ಲೂ ತೆರೆಯದ ಪೆಟ್ಟಿಗೆಗಳು, ಬಣ್ಣ ಕಾಣದ ಬೂದು ಪ್ಲಾಸ್ಟಿಕ್ಕಿನ ರಾಶಿ ಬೆಳೆಯುತ್ತದೆ. ಹೊಸ ಪೆಟ್ಟಿಗೆ ಕೊಳ್ಳುವ ಸಂಭ್ರಮ ಒಂದು ಸಂಜೆಯದು, ಹತ್ತು ಬೊಂಬೆ ಮುಗಿಸಿ ಮೇಜಿನ ಮೇಲಿಟ್ಟ ಸಂತೋಷ ವರ್ಷಗಟ್ಟಲೆ ಉಳಿಯುತ್ತದೆ. ಮೊದಲ ಹತ್ತು ಮುಗಿಯುವ ತನಕ ಎರಡನೇ ಪೆಟ್ಟಿಗೆ ಬೇಡ ಎಂದು ಮನೆಯವರ ಮುಂದೆ ಮಾತು ಕೊಟ್ಟುಬಿಡಿ.

ಒಬ್ಬ ಸಿಪಾಯಿಗೆ ಬಣ್ಣ

ಬಣ್ಣದ ಭಯ ಎಲ್ಲರಿಗೂ ಇರುತ್ತದೆ. ಒಬ್ಬನೇ ಸಿಪಾಯಿಯನ್ನು ಹಿಡಿದು ಕೊನೆಯವರೆಗೂ ಹೋಗೋಣ. 1799ರ ಕೆಂಪು ಕೋಟಿನ ಬ್ರಿಟಿಷ್ ಸಿಪಾಯಿ, 33ನೇ ರೆಜಿಮೆಂಟಿನವನು ಎಂದಿಟ್ಟುಕೊಳ್ಳಿ. ಬೇರೆ ರೆಜಿಮೆಂಟುಗಳ ಕೆಂಪು ಕೋಟಿಗೆ ಹಳದಿ, ಹಸಿರು, ನೀಲಿ ಕಾಲರು ಮತ್ತು ಮುಂಗೈಪಟ್ಟಿ ಇರುತ್ತಿದ್ದವು. ಈ ರೆಜಿಮೆಂಟಿನವು ಕೆಂಪೇ. ಹೊಸ ಕೈಗೆ ಅಷ್ಟು ಕೆಲಸ ಉಳಿಯಿತು.

ಪ್ಲಾಸ್ಟಿಕ್ ಬೊಂಬೆಯ ಕೈಕಾಲು ತಲೆಗಳು ಒಂದು ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ತಿರುಚಿ ಕೀಳಬೇಡಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ವೈರ್ ಕಟರಿನಿಂದ, ಅದಿಲ್ಲದಿದ್ದರೆ ಉಗುರು ಕತ್ತರಿಸುವ ನೇಲ್‌ಕಟರಿನಿಂದ ಬಿಡಿಸಿ. ಅಚ್ಚಿನ ಎರಡು ಭಾಗ ಕೂಡುವಲ್ಲಿ ಮೈಯುದ್ದಕ್ಕೂ ಒಂದು ಸಣ್ಣ ಏಣು ಉಳಿದಿರುತ್ತದೆ. ಅದನ್ನು ಬ್ಲೇಡಿನ ಬೆನ್ನಿನಿಂದ ಹೆರೆದು ತೆಗೆಯಿರಿ. ಈಗ ಕಾಣದ ಆ ಗೆರೆ ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಸಿಮೆಂಟ್ ಒಳ್ಳೆಯದು, ಅದು ಎರಡೂ ತುದಿಯನ್ನು ಕರಗಿಸಿ ಒಂದು ಮಾಡುತ್ತದೆ. ಲೋಹ, ರೆಸಿನ್ ಬೊಂಬೆಗಳಿಗೆ ಫೆವಿಕ್ವಿಕ್‌ನಂಥ ಅಂಟೇ ಬೇಕು.

ಸೋಪು ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ಪ್ರೈಮರ್, ಅಂದರೆ ಅಸ್ತರು ಬಣ್ಣ. ಇದಿಲ್ಲದೆ ಅಕ್ರಿಲಿಕ್ ಬಣ್ಣ ಪ್ಲಾಸ್ಟಿಕ್ ಮೇಲೆ ನಿಲ್ಲುವುದಿಲ್ಲ. ಸ್ಪ್ರೇ ಡಬ್ಬಿ ಸುಲಭ, ಆದರೆ ಮಳೆಗಾಲದ ಮಲೆನಾಡಿನಲ್ಲಿ, ವರ್ಷವಿಡೀ ತೇವದ ಕರಾವಳಿಯಲ್ಲಿ ಸ್ಪ್ರೇ ಹೊಡೆದರೆ ಮೇಲ್ಮೈ ತರಿತರಿಯಾಗಿ, ಪುಡಿ ಉದುರಿಸಿದ ಹಾಗೆ ಒಣಗುವುದುಂಟು. ಅಲ್ಲಿನವರು ಬ್ರಷ್ಷಿನಲ್ಲಿ ಹಚ್ಚುವ ಪ್ರೈಮರ್ ಇಟ್ಟುಕೊಳ್ಳುವುದು ಕ್ಷೇಮ.

ಈಗ ಕೋಟಿಗೆ ಕೆಂಪು. ಬಣ್ಣವನ್ನು ಬಾಟಲಿಯಿಂದ ನೇರ ಹಚ್ಚದೆ ನೀರು ಬೆರೆಸಿ, ತೆಳ್ಳಗಿನ ಒಂದು ಪದರ. ಅದು ಒಣಗಿದ ಮೇಲೆ ಇನ್ನೊಂದು. ಮೊದಲ ಪದರದಲ್ಲಿ ಅಲ್ಲಲ್ಲಿ ಅಸ್ತರು ಕಂಡರೆ ಗಾಬರಿಯಾಗಬೇಡಿ, ಎರಡನೆಯದು ಮುಚ್ಚುತ್ತದೆ. ಎದೆಯ ಮೇಲೆ ಅಡ್ಡಹಾಯುವ ಎರಡು ಪಟ್ಟಿಗೆ ಬಿಳಿ, ಬಂದೂಕಿನ ಕಟ್ಟಿಗೆಗೆ ಕಂದು, ಬೂಟಿಗೆ ಕಪ್ಪು. ಬ್ರಷ್ ತೀರಾ ಸಣ್ಣದು ಬೇಡ. ಒಂದು ಅಥವಾ ಎರಡನೇ ನಂಬರಿನ, ತುದಿ ಚೂಪಾಗಿ ಕೂಡುವ ಬ್ರಷ್ ಹೆಚ್ಚು ಬಣ್ಣ ಹಿಡಿಯುತ್ತದೆ, ಬೇಗ ಒಣಗುವುದಿಲ್ಲ.

ಆಮೇಲೆ ಬರುವುದು ವಾಷ್, ನೀರಿನಷ್ಟು ತೆಳುವಾದ ಕಡುಗಂದು ಬಣ್ಣ. ಅದನ್ನು ಮೈಮೇಲೆಲ್ಲ ಹರಿಸಿದರೆ ಉಬ್ಬಿನಿಂದ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಬೆರಳಿನ ಸಂದು, ಕೋಟಿನ ಮಡಿಕೆ, ಮೂಗಿನ ಪಕ್ಕ ನೆರಳು ತಾನಾಗಿ ಮೂಡುತ್ತದೆ. ಆ ಕ್ಷಣದವರೆಗೆ ಚಪ್ಪಟೆಯಾಗಿದ್ದ ಮುಖಕ್ಕೆ ಹುಬ್ಬು ಬರುತ್ತದೆ, ಬಾಯಿ ಬರುತ್ತದೆ. ಮೊದಲ ಸಲ ನೋಡಿದವರು ಬೊಂಬೆಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಲೇ ಕೂರುತ್ತಾರೆ. ಪೂರ್ತಿ ಒಣಗಿದ ಮೇಲೆ ಭುಜ, ಮೊಣಕೈ, ಕೋಟಿನ ಅಂಚಿಗೆ ಕೆಂಪನ್ನೇ ಕೊಂಚ ತಿಳಿ ಮಾಡಿ ಮುಟ್ಟಿಸಿದರೆ ಸಾಕು. ಕಾಲಡಿಯ ಬಿಲ್ಲೆಗೆ ಫೆವಿಕಾಲ್ ಸವರಿ ಜರಡಿ ಹಿಡಿದ ಮರಳಿನಲ್ಲಿ ಅದ್ದಿ, ಒಣಗಿದ ಮೇಲೆ ನಮ್ಮ ಕೆಮ್ಮಣ್ಣಿನ ಬಣ್ಣ ಕೊಡಿ.

ಮುಖದ ಬಣ್ಣದ ಮಾತು ಬಿಡುವ ಹಾಗಿಲ್ಲ. ವಿದೇಶಿ ಪೆಟ್ಟಿಗೆಗಳಲ್ಲಿ ಚರ್ಮದ ಬಣ್ಣ ಎಂದು ಬರುವುದು ಹೆಚ್ಚಾಗಿ ಯುರೋಪಿಯನ್ನರ ನಸುಗೆಂಪು. ಈ ಕೆಂಪು ಕೋಟಿನವನ ಎದುರು ನಿಲ್ಲುವ ಮೈಸೂರಿನ ಸಿಪಾಯಿಗೆ ಅದು ಸಲ್ಲದು. ಬರ್ನ್ಟ್ ಸಿಯೆನಾಗೆ ಯೆಲ್ಲೋ ಓಕರ್ ಬೆರೆಸಿ ತಳಬಣ್ಣ ಮಾಡಿ, ಅದಕ್ಕೇ ತುಸು ಬಿಳಿ ಸೇರಿಸಿ ಮೂಗು, ಕೆನ್ನೆಗೆ ಮುಟ್ಟಿಸಿ. ಪ್ರತಿ ಸಿಪಾಯಿಗೂ ಮಿಶ್ರಣ ಕೊಂಚ ಬದಲಾಗಲಿ. ನಮ್ಮ ಹಳ್ಳಿಯ ಜಾತ್ರೆಯಲ್ಲಿ ಹತ್ತು ಜನ ನಿಂತರೆ ಹತ್ತು ಬಣ್ಣ ಇರುತ್ತದಲ್ಲ.

ಸುಲ್ತಾನ್‌ಪೇಟೆ ತೋಪಿನ ರಾತ್ರಿ

ಕಾಗದದ ಸೇನೆಯಾಗಲಿ, ಬಣ್ಣದ ಬೊಂಬೆಯಾಗಲಿ, ಆಟಕ್ಕೆ ಒಂದು ಸನ್ನಿವೇಶ ಬೇಕು. ಒಬ್ಬರನ್ನೊಬ್ಬರು ಮುಗಿಸುವುದೇ ಗುರಿಯಾದರೆ ಆಟ ಬೇಗ ಸಪ್ಪೆಯಾಗುತ್ತದೆ. ನಮ್ಮ ನೆಲದ್ದೇ ಒಂದು ಸನ್ನಿವೇಶ, ಹೊಸಬರಿಗೆಂದೇ ಹೇಳಿ ಮಾಡಿಸಿದಂತಿದೆ.

1799ರ ಏಪ್ರಿಲ್ 5. ಬ್ರಿಟಿಷ್ ಜನರಲ್ ಹ್ಯಾರಿಸ್‌ನ ಸೇನೆ ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಬಂದು ಬೀಡುಬಿಟ್ಟಿದೆ. ಬೀಡಿಗೂ ಕೋಟೆಗೂ ನಡುವೆ ಕಾಲುವೆಗಳು ಹರಿಯುವ ಒಂದು ಮರಗಳ ತೋಪು, ಸುಲ್ತಾನ್‌ಪೇಟೆ ತೋಪು. ಅಲ್ಲಿ ಅಡಗಿದ್ದ ಟಿಪ್ಪುವಿನ ಸಿಪಾಯಿಗಳು ಬೀಡಿನ ಮೇಲೆ ರಾಕೆಟ್ ಹಾರಿಸುತ್ತಿದ್ದರು. ತೋಪನ್ನು ಆ ರಾತ್ರಿಯೇ ಹಿಡಿಯುವಂತೆ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಅಪ್ಪಣೆಯಾಯಿತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಈತನೇ. 33ನೇ ರೆಜಿಮೆಂಟಿನೊಂದಿಗೆ ತೋಪಿನೊಳಗೆ ನುಗ್ಗಿದವನಿಗೆ ಕಣ್ಣಿಗೆ ಏನೂ ಕಾಣಲಿಲ್ಲ. ಕತ್ತಲಲ್ಲಿ ಕಾಲುವೆಗಳು ಎಡವಿಸಿದವು, ಸುತ್ತಲಿಂದ ಬಂದೂಕು ಮತ್ತು ರಾಕೆಟ್ ಸಿಡಿದವು, ತುಕಡಿಗಳು ಚೆಲ್ಲಾಪಿಲ್ಲಿಯಾದವು. ವೆಲ್ಲೆಸ್ಲಿಯ ಮೊಣಕಾಲಿಗೆ ವೇಗ ಕಳೆದ ಗುಂಡೊಂದು ಬಡಿಯಿತು. ಆತ ಸೋತು ಹಿಂದಿರುಗಿದ. ಹಗಲಿನಲ್ಲಿ ನೋಡಿ ತಿಳಿಯದ ನೆಲೆಯ ಮೇಲೆ ಇನ್ನೆಂದೂ ರಾತ್ರಿ ದಾಳಿ ಮಾಡಿಸುವುದಿಲ್ಲ ಎಂದು ಆತ ಆಮೇಲೆ ಪತ್ರದಲ್ಲಿ ಬರೆದ.

ಮೇಜಿನ ನಡುವಿನ ಒಂದೂವರೆ ಅಡಿ ಪೂರ್ತಿ ತೋಪಾಗಲಿ, ಅದರೊಳಗೆ ಎರಡು ಕಾಲುವೆ ವಕ್ರವಾಗಿ ಹಾಯಲಿ. ಕಾಲುವೆ ದಾಟಲು ತುಕಡಿಯ ಒಂದಿಡೀ ಸರದಿ ಬೇಕು. ಬ್ರಿಟಿಷರ ಎರಡು ತುಕಡಿ ಒಂದು ಅಂಚಿನಿಂದ ಹೊರಟು, ಆರು ಸುತ್ತಿನೊಳಗೆ ಒಂದನ್ನಾದರೂ ತೋಪಿನ ಆಚೆ ಬದಿಗೆ ತಲುಪಿಸಬೇಕು. ಮೈಸೂರಿನ ಎರಡು ತುಕಡಿ ತೋಪಿನೊಳಗೆ ಎಲ್ಲಿ ಬೇಕಾದರೂ ನಿಲ್ಲಬಹುದು.

ಕತ್ತಲನ್ನು ಮೇಜಿಗೆ ತರುವುದು ಹೀಗೆ: ಪ್ರತಿ ಸುತ್ತಿನ ಆರಂಭದಲ್ಲಿ ಎರಡು ದಾಳ ಎಸೆದು ಕೂಡಿಸಿ. ಬಂದ ಮೊತ್ತ ಎಷ್ಟೋ ಅಷ್ಟೇ ಇಂಚು ಆ ಸುತ್ತಿನಲ್ಲಿ ಕಣ್ಣಿಗೆ ಕಾಣುವ ದೂರ. ಮೂರು ಬಂದರೆ ಮೂರಿಂಚಿನ ಆಚೆ ಏನಿದ್ದರೂ ಗುಂಡು ಹಾರಿಸುವಂತಿಲ್ಲ. ಇನ್ನು ರಾಕೆಟ್. ಮೈಸೂರಿನವರು ಸುತ್ತಿಗೆ ಒಂದನ್ನು ಹಾರಿಸಬಹುದು. ಕಬ್ಬಿಣದ ಕೊಳವೆಗೆ ಬಿದಿರಿನ ದಬ್ಬೆ ಕಟ್ಟಿದ ಆ ಆಯುಧ ದೂರ ಹೋಗುತ್ತಿತ್ತು, ಆದರೆ ಹೇಳಿದ ಕಡೆ ಹೋಗುತ್ತಿರಲಿಲ್ಲ. ದಿಕ್ಕು ತೋರಿಸಿ, ಒಂದು ದಾಳ ಎಸೆಯಿರಿ: 1, 2 ಬಂದರೆ ಎಡಕ್ಕೆ ವಾಲಿತು, 5, 6 ಬಂದರೆ ಬಲಕ್ಕೆ, ನಡುವಿನವು ನೇರ. ಎರಡು ದಾಳ ಕೂಡಿಸಿದಷ್ಟು ಇಂಚು ಹೋಗಿ ಬೀಳುತ್ತದೆ. ಬಿದ್ದ ಜಾಗದಿಂದ ಮೂರಿಂಚಿನೊಳಗೆ ಯಾವುದಾದರೂ ತುಕಡಿಯಿದ್ದರೆ ಅದರ ಒಬ್ಬ ಸಿಪಾಯಿ ಬೀಳುತ್ತಾನೆ, ಉಳಿದವರು ಎದೆಗಾರಿಕೆಯ ದಾಳ ಎಸೆಯಬೇಕು. ಅದು ತಮ್ಮದೇ ಕಡೆಯ ತುಕಡಿಯಾದರೂ ಸರಿ.

ಆಡಿ ನೋಡಿ. ಬ್ರಿಟಿಷರ ಕಡೆ ಆಡುವವರು ಎರಡನೇ ಸುತ್ತಿಗೇ ತಮ್ಮ ಒಂದು ತುಕಡಿ ಕಾಲುವೆಯಲ್ಲಿ ಸಿಕ್ಕಿ, ಇನ್ನೊಂದು ಎಲ್ಲೋ ಮುಂದೆ ಹೋಗಿ, ಎರಡಕ್ಕೂ ಸಂಬಂಧ ತಪ್ಪಿ ಕೂರುತ್ತಾರೆ. ಆ ರಾತ್ರಿ ವೆಲ್ಲೆಸ್ಲಿಗೆ ಆದದ್ದು ಅದೇ. ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಓದಿ ಮುಂದೆ ಹೋಗುವ ಸೋಲಿನ ಕಾರಣ ಕೈಗೆ ತಾಗುತ್ತದೆ.

ಇದು ನಿಜವಾದ ಜನ ನಿಜವಾಗಿ ಸತ್ತ ನೆಲ ಎಂಬುದು ಆಡುವವರ ನೆನಪಿನಲ್ಲಿರಬೇಕು. ಹ್ಯಾರಿಸ್‌ನ ಸೇನೆಯಲ್ಲಿ ಬಹುಪಾಲು ಇದ್ದವರು ಮದರಾಸಿನ ಸಿಪಾಯಿಗಳು, ಪಕ್ಕದಲ್ಲಿ ಹೈದರಾಬಾದಿನ ನಿಜಾಮನ ಪಡೆ. ಎರಡೂ ಕಡೆ ನಮ್ಮವರೇ. ಅದನ್ನು ತಿಳಿದು ಆಡುವುದಕ್ಕೂ ತಿಳಿಯದೆ ಆಡುವುದಕ್ಕೂ ವ್ಯತ್ಯಾಸವಿದೆ. ಮಕ್ಕಳೊಂದಿಗೆ ಆಡುವಾಗ ಯಾರು ಯಾಕೆ ಹೋರಾಡಿದರು ಎಂಬ ಮಾತೂ ಮೇಜಿನ ಸುತ್ತ ನಡೆಯಲಿ.

ಮೇಜಿನ ಸುತ್ತಿನ ಇತರ ಮರ್ಯಾದೆಗಳು ಸರಳ. ಇನ್ನೊಬ್ಬರು ಬಣ್ಣ ಹಚ್ಚಿದ ಬೊಂಬೆಯನ್ನು ಕೇಳದೆ ಎತ್ತಬೇಡಿ. ಎತ್ತಿದರೆ ಕಾಲಡಿಯ ಬಿಲ್ಲೆ ಹಿಡಿದು ಎತ್ತಿ. ಮೇಜಿನಿಂದ ಕೆಳಗೆ ಬಿದ್ದ ದಾಳ ಮತ್ತೆ ಎಸೆಯುವುದು. ಕಾಣುತ್ತದೋ ಇಲ್ಲವೋ ಎಂಬ ತಕರಾರು ಬಗೆಹರಿಯದಿದ್ದರೆ ದಾಳಕ್ಕೆ ಬಿಟ್ಟು ಮುಂದೆ ಹೋಗಿ. ಹೊಸಬರು ಎಡವಟ್ಟು ಮಾಡಿಕೊಳ್ಳುವ ಮುನ್ನ ಹಳಬರು ಎಚ್ಚರಿಸುವುದು ಈ ಆಟದ ಒಳ್ಳೆಯ ಸಂಪ್ರದಾಯ. ಅಂಥ ಗೆಳೆಯ ಸಿಕ್ಕರೆ ಬಿಡಬೇಡಿ.

ಎರಡನೇ ಆಟವನ್ನು ಅದೇ ಮೇಜಿನ ಮೇಲೆ, ಕಡೆ ಬದಲಾಯಿಸಿಕೊಂಡು ಆಡಿ. ಈ ಸಲ ಏಪ್ರಿಲ್ 6ರ ಬೆಳಗ್ಗೆ. ವೆಲ್ಲೆಸ್ಲಿ ಬೆಳಕು ಹರಿದ ಮೇಲೆ ಹೆಚ್ಚಿನ ಬಲದೊಂದಿಗೆ ಬಂದು ತೋಪನ್ನು ಹಿಡಿದ. ಹಾಗಾಗಿ ಕಣ್ಣಳತೆಯ ದಾಳ ಬಿಟ್ಟುಬಿಡಿ, ಬ್ರಿಟಿಷರಿಗೆ ಇನ್ನೊಂದು ತುಕಡಿ ಮತ್ತು ಚೀಲಕ್ಕೆ ಇನ್ನೊಂದು ಮಣಿ ಕೊಡಿ. ಮೈಸೂರಿನವರಿಗೆ ರಾಕೆಟ್ ಸುತ್ತಿಗೆ ಎರಡಾಗಲಿ, ಇತಿಹಾಸ ಹೇಗೇ ಇರಲಿ, ಆಟದಲ್ಲಿ ಅವರಿಗೂ ಗೆಲ್ಲುವ ದಾರಿ ಇರಬೇಕು. ಆರು ಸುತ್ತು ಮುಗಿಯುವವರೆಗೆ ಒಂದೇ ಒಂದು ತುಕಡಿಯನ್ನಾದರೂ ತೋಪಿನೊಳಗೆ ಉಳಿಸಿಕೊಂಡರೆ ಗೆಲುವು ಅವರದು.